ಮುಖದ ಮೇಲಿನ ಬೆಳಕು

ಕಥೆಗೆ ವಿಮರ್ಶೆಯಿದೆ, ಸಿನಿಮಾಕ್ಕೆ ವಿಮರ್ಶೆಯಿದೆ. ಒಂದು ಸಂಸಾರ ಐವತ್ತು ವರ್ಷ ಬೀರುವಿನಲ್ಲಿಟ್ಟು ಕಾಪಾಡುವ ಮದುವೆ ಆಲ್ಬಮ್ಮಿಗೆ ಮಾತ್ರ ಯಾರೂ ವಿಮರ್ಶೆ ಬರೆಯುವುದಿಲ್ಲ. ನೆಂಟರ ಮನೆಗೆ ಹೋದರೆ ಕಾಫಿಗೆ ಮೊದಲು ಬರುವುದು ಅದೇ. ನೋಡಿ "ಚೆನ್ನಾಗಿದೆ" ಎಂದು ಮುಚ್ಚುತ್ತೇವೆ. ನೋಡಿ ನೋಡಿ ನನಗೆ ಒಂದಿಷ್ಟು ಹೇಳಬೇಕೆನ್ನಿಸಿದೆ.

ನಮ್ಮ ಜಿಲ್ಲೆಯಲ್ಲಿ ಈಗ ಮದುವೆಗೆ ಮುಂಚೆಯೇ ಹುಡುಗ ಹುಡುಗಿಯನ್ನು ಬಯಲಿಗೆ ಕರೆದೊಯ್ದು ಫೋಟೋ ತೆಗೆಯುವುದು ರೂಢಿಯಾಗಿದೆ. ಚಿತ್ರದುರ್ಗದ ಬಂಡೆಗಳು, ಹಿರಿಯೂರಿನ ವಾಣಿವಿಲಾಸ ಸಾಗರ, ಹೊಸದುರ್ಗದ ಕಡೆಯ ತೆಂಗಿನ ತೋಟ, ಹೊಳಲ್ಕೆರೆಯ ಅಡಿಕೆ ತೋಟ. ತೊಡಕಿರುವುದು ನಮ್ಮ ಬಿಸಿಲಿನಲ್ಲಿ. ನಡುನೆತ್ತಿಯ ಸೂರ್ಯ ಕಣ್ಣನ್ನು ಗುಳಿ ಮಾಡಿ, ಮೂಗಿನ ಕೆಳಗೆ ಮೀಸೆಯಂಥ ನೆರಳು ಎಳೆಯುತ್ತಾನೆ. ತೋಟದೊಳಗೆ ಹೋದರೆ ಗರಿಗಳ ಸಂದಿನ ಬಿಸಿಲು ಮುಖದ ಮೇಲೆ ಚುಕ್ಕೆ ರಂಗೋಲಿ ಹಾಕುತ್ತದೆ.

ಇದಕ್ಕೆ ಪರಿಹಾರ ಚೀಲದಲ್ಲಿ ಹಿಡಿಸುವ ಬ್ಯಾಟರಿ ಫ್ಲ್ಯಾಶ್. ಅದನ್ನು ಕ್ಯಾಮೆರಾದ ತಲೆಯ ಮೇಲಲ್ಲ, ಪಕ್ಕದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ, ಬಿಳಿ ಕೊಡೆಯ ಮೂಲಕ ಹಾಯಿಸುತ್ತಾರೆ. ರೇಡಿಯೋ ಟ್ರಿಗರ್ ಇರುವುದರಿಂದ ತಂತಿ ಬೇಡ. ಎದುರಿನಿಂದ ಹೊಡೆದ ಬೆಳಕು ಮುಖವನ್ನು ರೊಟ್ಟಿಯಂತೆ ತಟ್ಟಿಬಿಡುತ್ತದೆ. ಪಕ್ಕದಿಂದ ಬಂದದ್ದು ಕೆನ್ನೆಗೆ, ಮೂಗಿಗೆ ಅದರದರ ಆಕಾರ ಕೊಡುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹತ್ತಿರವಿಟ್ಟರೆ ಪುಟ್ಟ ದೀಪವೇ ಸಾಕು. ಇಷ್ಟಕ್ಕೆ ನನ್ನ ತಕರಾರಿಲ್ಲ, ಮೆಚ್ಚುಗೆಯೇ ಇದೆ.

ತಕರಾರು ಮುಂದಿನದಕ್ಕೆ. ಶಟರಿನ ವೇಗ ಹೆಚ್ಚಿಸಿದಷ್ಟೂ ಆಕಾಶ ಕಪ್ಪಾಗುತ್ತದೆ, ಫ್ಲ್ಯಾಶ್ ಬಿದ್ದ ಮುಖ ಮಾತ್ರ ಹಾಗೇ ಉಳಿಯುತ್ತದೆ. ಸಾಮಾನ್ಯ ಕ್ಯಾಮೆರಾಗಳಲ್ಲಿ ಸೆಕೆಂಡಿನ 200ನೇ ಅಥವಾ 250ನೇ ಒಂದು ಭಾಗದವರೆಗೆ ಈ ಆಟ ನಡೆಯುತ್ತದೆ. ಮಧ್ಯಾಹ್ನವನ್ನು ಮುಸ್ಸಂಜೆ ಮಾಡಬಹುದು. ಬಹಳ ಆಲ್ಬಮ್ಮುಗಳಲ್ಲಿ ಪುಟಪುಟಕ್ಕೂ ಇದೇ ಮುಸ್ಸಂಜೆ. ವೇದಾವತಿಗೆ ಕಟ್ಟಿದ, 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ಕಾದು ಬಂದ ನೀರನ್ನು ಚಿತ್ರದಲ್ಲಿ ಮಸಿ ಮಾಡಿದರೆ ಅದು ಹಿರಿಯೂರೋ ಇನ್ನಾವ ಊರೋ ಯಾರಿಗೆ ಗೊತ್ತಾಗಬೇಕು?

ಊರು ಕಳೆದರೂ ಕಳೆಯಲಿ, ಹುಡುಗಿಯೇ ಕಳೆದುಹೋಗುತ್ತಾಳಲ್ಲ! ಎಣ್ಣೆಗಪ್ಪು ಬಣ್ಣದ ಹುಡುಗಿಗೆ ಬೇಕಾದ್ದಕ್ಕಿಂತ ಹೆಚ್ಚು ಬೆಳಕು ಸುರಿದು, ಆಮೇಲೆ ಕಂಪ್ಯೂಟರಿನಲ್ಲಿ ಇನ್ನಷ್ಟು ತೊಳೆಯುತ್ತಾರೆ. ಒಂದೇ ಆಲ್ಬಮ್ಮಿನಲ್ಲಿ ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ಹಿಂದೆ ಕೊಡ್ಯಾಕ್ ಕಂಪನಿ ಬಣ್ಣ ಸರಿಹೊಂದಿಸಲು ಫೋಟೋ ಲ್ಯಾಬುಗಳಿಗೆ ಬಿಳಿಯ ಹೆಂಗಸಿನ ಚಿತ್ರವನ್ನೇ ಅಳತೆಗೋಲಾಗಿ ಕಳಿಸುತ್ತಿತ್ತು. ಇಂದಿನ ಕ್ಯಾಮೆರಾಕ್ಕೆ ಆ ನೆಪವಿಲ್ಲ. ಅಳತೆಗೋಲು ಈಗ ಇರುವುದು ನಮ್ಮ ಮನಸ್ಸಿನಲ್ಲಿ. "ಸ್ವಲ್ಪ ಬೆಳ್ಳಗೆ ಬರಲಿ" ಎಂದು ಫೋಟೋದವರ ಕಿವಿಯಲ್ಲಿ ಹೇಳುವವರು ಎಷ್ಟೋ ಸಲ ತಾಯಂದಿರೇ.

ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ (1913–2012) ಅವರ ಕಾಲದಲ್ಲಿ ಒಂದು ಫ್ಲ್ಯಾಶ್ ಬಲ್ಬು ಉರಿಯುತ್ತಿದ್ದುದು ಒಂದೇ ಚಿತ್ರಕ್ಕೆ. ಎಲ್ಲಿ ಬೆಳಕು ಬೇಕು, ಎಲ್ಲಿ ಬೇಡ ಎಂದು ಯೋಚಿಸದೆ ವಿಧಿಯಿರಲಿಲ್ಲ. ಈಗ ಬೆಳಕು ಅಗ್ಗವಾಗಿದೆ, ಯೋಚನೆ ದುಬಾರಿಯಾಗಿದೆ.

ಎಲ್ಲರೂ ಹೀಗೆಂದಲ್ಲ. ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ತೆಗೆದ ಒಂದು ಚಿತ್ರ ನೋಡಿದೆ. ಹುಡುಗಿಯನ್ನು ನೆರಳಿನಲ್ಲಿ ನಿಲ್ಲಿಸಿ, ಎಡಗಡೆಯಿಂದ ಅಳತೆಯ ಬೆಳಕು ಕೊಟ್ಟಿದ್ದರು. ಚುಕ್ಕೆ ಬಿಸಿಲು ಮಾಯವಾಗಿತ್ತು, ಅವಳ ಕಪ್ಪು ಹಾಗೇ ಇತ್ತು. ಹುಬ್ಬಿನ ಹತ್ತಿರದ ಹಳೆಯ ಗಾಯದ ಗುರುತೂ ಇತ್ತು. ಹಿಂದೆ ತೋಟದ ಹಸಿರು ಹಸಿರಾಗಿಯೇ ಇತ್ತು. ಆಲ್ಬಮ್ಮಿನ ಅಷ್ಟೂ ಪುಟಗಳಲ್ಲಿ ಅವಳು ನಿಜವಾಗಿ ನಗುತ್ತಿದ್ದಾಳೆ ಎನ್ನಿಸಿದ್ದು ಅದೊಂದರಲ್ಲಿ.

ಇದು ಬರೀ ಅಂದಚಂದದ ಮಾತಲ್ಲ. ಇಪ್ಪತ್ತು ವರ್ಷದ ಮೇಲೆ ಅಮ್ಮನ ಬಣ್ಣವನ್ನೇ ಹೊತ್ತು ಹುಟ್ಟಿದ ಮಗಳು ಆ ಆಲ್ಬಮ್ ಬಿಡಿಸುತ್ತಾಳೆ. ತನ್ನಂಥವಳು ಅದರಲ್ಲಿ ಒಬ್ಬಳೂ ಇಲ್ಲದಿದ್ದರೆ ಅವಳು ಏನೆಂದುಕೊಳ್ಳಬೇಕು? ಫೋಟೋಕ್ಕೆ ಮುಂಗಡ ಕೊಡುವಾಗ ಇದೊಂದು ಮಾತು ಹೇಳಿಬಿಡಿ: ಬೆಳಕು ಹಾಕಿ, ಬಣ್ಣ ಬದಲಿಸಬೇಡಿ.