ಹಿಂದೆ, ಮುನ್ನ, ಮಾಜಿ

ಕಳೆದುದನ್ನು ಹೇಳಲು ಕನ್ನಡದಲ್ಲಿ ಶಬ್ದಗಳ ಬಡತನವಿಲ್ಲ. ಹಳೆಯ, ಹಿಂದಿನ, ಮುಂಚಿನ, ಪೂರ್ವದ, ಪ್ರಾಚೀನ, ಮಾಜಿ: ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರೂ ವಾಕ್ಯವೇನೋ ನಿಲ್ಲುತ್ತದೆ. ಆದುದರಿಂದಲೇ ನಮ್ಮ ಬರೆಹಗಾರರು ಆರಿಸುವ ಶ್ರಮ ವಹಿಸುವುದಿಲ್ಲವೇನೋ. ಕೋಲಾರದ ಚಿನ್ನದ ಗಣಿಗಳ ಮೇಲೆ ಬರುವ ಲೇಖನಗಳನ್ನೂ ಪ್ರವಾಸಕಥನಗಳನ್ನೂ ಓದುವಾಗ ನನಗೆ ಈ ಸಂದೇಹ ಬಲವಾಗುತ್ತದೆ.

ಒಂದೊಂದು ಶಬ್ದಕ್ಕೂ ಒಂದೊಂದು ಅಳತೆಯುಂಟು. ‘ಹಳೆಯ’ ಎಂದರೆ ವಸ್ತು ಸವೆದಿದ್ದರೂ ನಮ್ಮೊಡನಿದೆ. ‘ಹಿಂದಿನ’ ಎಂದರೆ ಅದರ ಜಾಗಕ್ಕೆ ಮತ್ತೊಂದು ಬಂದಿದೆ. ‘ಪ್ರಾಚೀನ’ ಎಂದರೆ ಕಣ್ಣಾರೆ ಕಂಡವರು ಯಾರೂ ಉಳಿದಿಲ್ಲ. ಬಂಗಾರಪೇಟೆಯನ್ನೇ ನೋಡಿ. ಹೆಸರು ಕೇಳಿದರೆ ಗಂಗರ ಕಾಲದ್ದೆಂದು ತೋರಬಹುದು. ಆದರೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯೇ ಮೊದಲಿನದು. ಅಚ್ಚಗನ್ನಡವಾಗಿ ಕಾಣುವ ಬಂಗಾರಪೇಟೆ ಅನಂತರದ್ದು. ಇಲ್ಲಿ ‘ಹಿಂದಿನ ಹೆಸರು’ ಎಂಬುದೇ ಸರಿಯಾದ ಮಾತು. ಹಾಗೆಯೇ, 1802ರಲ್ಲಿ ಲೆಫ್ಟಿನೆಂಟ್ ವಾರನ್ ಬಂದಾಗ ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಚಿನ್ನ ತೆಗೆಯುತ್ತಿದ್ದರು. ಅವರಿಗೂ ಹಿಂದಿನ ಅಗೆತಗಳನ್ನು ಪ್ರಾಚೀನವೆನ್ನಲು ಅಡ್ಡಿಯಿಲ್ಲ. ಆದರೆ 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಬಂದು, 1956ರಲ್ಲಿ ರಾಷ್ಟ್ರೀಕರಣಗೊಂಡು, 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಗಳನ್ನು ಅದೇ ಉಸಿರಿನಲ್ಲಿ ‘ಪ್ರಾಚೀನ’ವೆನ್ನುವುದು ಹೇಗೆ? ಅಲ್ಲಿ ಕೆಳಗಿಳಿದು ದುಡಿದವರು ಇಂದೂ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದಾರೆ.

ಇವರನ್ನು ಪತ್ರಿಕೆಗಳು ‘ಮಾಜಿ ಕಾರ್ಮಿಕರು’ ಎನ್ನುತ್ತವೆ. ಅರಬ್ಬಿಯಿಂದ ಬಂದ ‘ಮಾಜಿ’ ನಮ್ಮಲ್ಲಿ ಅಧಿಕಾರಕ್ಕೆ, ಹುದ್ದೆಗೆ ಒಗ್ಗಿಕೊಂಡ ಶಬ್ದ. ಮಾಜಿ ಮಂತ್ರಿಯೆಂದಾಗ ಮಂತ್ರಿಪದವಿ ಉಳಿದಿದೆ, ಕುಳಿತಿದ್ದವರು ಎದ್ದಿದ್ದಾರೆ ಎಂದರ್ಥ. ಗಣಿಯಲ್ಲಿ ಆದದ್ದು ಇದಕ್ಕೆ ತಿರುಗುಮುರುಗು: ಮನುಷ್ಯ ಉಳಿದ, ಕೆಲಸವೇ ಎದ್ದುಹೋಯಿತು. ‘ನಿವೃತ್ತ’ರೆನ್ನೋಣವೆಂದರೆ, ಅಂದು ಇನ್ನೂ ದುಡಿಯುವ ವಯಸ್ಸಿನಲ್ಲಿದ್ದವರಿಗೆ ಆ ಮಾತು ಸಲ್ಲದು. ಅವರು ಬಿಡಲಿಲ್ಲ, ಅವರಿಂದ ಬಿಡಿಸಲಾಯಿತು. ಒಂದು ಸುಲಭವಾದ ವಿಶೇಷಣ ಈ ವ್ಯತ್ಯಾಸವನ್ನೆಲ್ಲ ನುಂಗಿಹಾಕುತ್ತದೆ. ಲೇಖಕನಿಗೆ ಅದು ಶೈಲಿಯ ದೋಷವಾದೀತು. ಆ ಮನೆಗಳವರಿಗೆ ಅನ್ಯಾಯ.

ಆ ಊರಿನಲ್ಲಿ ತಮಿಳು ಮನೆಮಾತಾದವರು ಬಹಳ. ತಮಿಳಿನಲ್ಲಿ ‘ಮುನ್ನಾಳ್’ ಎಂದರೆ ಹಿಂದೊಮ್ಮೆಯ ದಿನ, ‘ಪಿನ್ನಾಳ್’ ಎಂದರೆ ಬರಲಿರುವ ದಿನ. ನಮ್ಮ ‘ಹಿಂದೆ’ ಹಳಗನ್ನಡದ ‘ಪಿಂದೆ’. ಆ ‘ಪಿನ್’ನ ಒಡಹುಟ್ಟು. ಆದರೂ ‘ಹಿಂದಿನ ದಿನ’ವೆಂದರೆ ನಮಗೆ ಕಳೆದ ದಿನ! ಒಂದೇ ಬೇರಿನಿಂದ ತಮಿಳರು ನಾಳೆಯನ್ನು ಸೂಚಿಸಿದರೆ ನಾವು ನಿನ್ನೆಯನ್ನು ಸೂಚಿಸುತ್ತೇವೆ. ಕಳೆದುದು ಅವರಿಗೆ ಎದುರಿಗೆ, ನಮಗೆ ಬೆನ್ನಿಗೆ. ಆದರೆ ನಾವೂ ಹಳೆಯ ನೋಟವನ್ನು ಪೂರ್ತಿ ಕಳೆದುಕೊಂಡಿಲ್ಲ. ‘ಮುನ್ನ’, ‘ಮುಂಚೆ’ ಎನ್ನುವಾಗ ಗತವನ್ನು ನಾವೂ ಕಣ್ಣ ಮುಂದೆಯೇ ಇರಿಸಿಕೊಳ್ಳುತ್ತೇವೆ. ಚಿನ್ನ ತೆಗೆದು ಚೆಲ್ಲಿದ ಪುಡಿಮಣ್ಣಿನ ಸೈನೈಡ್ ಗುಡ್ಡಗಳು ಎದುರಿಗೇ ನಿಂತಿರುವ ಊರಿಗೆ ಈ ನೋಟವೇ ಒಪ್ಪುತ್ತದೆ.

ಹಾಗಾದರೆ ಬರೆಯುವವನು ಮಾಡಬೇಕಾದುದೇನು? ವಿಶೇಷಣವನ್ನು ಬಿಟ್ಟು ಕ್ರಿಯಾಪದವನ್ನು ನಂಬಬೇಕೆಂದು ನನ್ನ ಅಭಿಪ್ರಾಯ. ‘ಮುಚ್ಚಿದ ಗಣಿ’, ‘ಗಣಿಯಲ್ಲಿ ದುಡಿದವರು’: ಭೂತಕಾಲದ ಈ ಕೃದಂತಗಳಲ್ಲಿ ಆದದ್ದೂ ಇದೆ, ಮಾಡಿದವರೂ ಇದ್ದಾರೆ. ಮುಗಿದದ್ದು ಕೆಲಸವೆಂದು ಅವು ಹೇಳುತ್ತವೆಯೇ ಹೊರತು ಮನುಷ್ಯನನ್ನು ಮುಗಿಸುವುದಿಲ್ಲ. ಮಾರಿಕುಪ್ಪದಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ಕೂಲಿಗೆ, ನೌಕರಿಗೆ ಹೋಗುವವರಲ್ಲಿ ಆ ದುಡಿದವರ ಮಕ್ಕಳು ಎಷ್ಟೋ ಮಂದಿ. ಅವರ ತಂದೆಯರ ಕುರಿತು ಬರೆಯುವಾಗ ನಾವು ಶಬ್ದವನ್ನು ಕೊಂಚ ತೂಗಿ ಬಳಸಬೇಡವೆ?