ಕಡಲಲ್ಲೇ ಉಳಿದ ಬುಡ

ಇಂಗ್ಲೆಂಡಿನ ಪ್ಲಿಮತ್ ನಗರದ ದಿಬ್ಬದ ಮೇಲಿರುವ ಕೆಂಪು-ಬಿಳಿ ಪಟ್ಟೆಯ ಸ್ಮೀಟನ್ ದೀಪಸ್ತಂಭ ಹಡಗುಗಳಿಗೆ ದಾರಿ ತೋರುವುದನ್ನು ಬಿಟ್ಟು 140 ವರ್ಷ ದಾಟಿದೆ. ಹಳತಾಯಿತು, ಕಳಚಿ ತಂದು ನಿಲ್ಲಿಸಿದರು ಎಂದಷ್ಟೇ ಅದರ ಕತೆ ಮುಗಿಸಿದರೆ ಕಟ್ಟಿದವನಿಗೆ ಅನ್ಯಾಯವಾಗುತ್ತದೆ. ಪ್ಲಿಮತ್‌ನಿಂದ ಸುಮಾರು 22 ಕಿ.ಮೀ. ದೂರದ ಎಡ್ಡಿಸ್ಟೋನ್ ಬಂಡೆಗಳ ಮೇಲೆ ಮೊದಲು ಹೆನ್ರಿ ವಿನ್‌ಸ್ಟಾನ್ಲಿ ಕಟ್ಟಿದ ಸ್ತಂಭವನ್ನು 1703ರ ಬಿರುಗಾಳಿ ಅವನ ಸಮೇತ ಕೊಚ್ಚಿಕೊಂಡು ಹೋಗಿತ್ತು. ಆಮೇಲಿನ ಮರದ ಗೋಪುರ 1755ರಲ್ಲಿ ಸುಟ್ಟುಹೋಯಿತು. ಅಂಥ ಜಾಗದಲ್ಲಿ ಜಾನ್ ಸ್ಮೀಟನ್ ಕಲ್ಲುಗಳಿಗೆ ಬಡಗಿಗಳು ಮರಕ್ಕೆ ಹಾಕುವಂಥ ಕಚ್ಚು ಕಡೆದು, ಒಂದರೊಳಗೊಂದು ಸಿಕ್ಕಿಸಿ ಗೋಪುರ ಎಬ್ಬಿಸಿದ. 1759ರ ಅಕ್ಟೋಬರಿನಲ್ಲಿ ಅದರ ದೀಪ ಹೊತ್ತಿತು. 24 ಮೇಣದಬತ್ತಿಗಳ ಆ ಬೆಳಕು ಮಂಕೇ, ಒಪ್ಪೋಣ. ಆದರೆ ಅವನ ನಿಜವಾದ ಗೆಲುವು ಗಾರೆಯಲ್ಲಿದೆ. ಮಾಮೂಲಿ ಸುಣ್ಣದ ಗಾರೆ ಅಲೆಯ ಹೊಡೆತಕ್ಕೆ ಗಟ್ಟಿಯಾಗುವ ಮೊದಲೇ ತೊಳೆದುಹೋಗುತ್ತದೆ. ಸ್ಮೀಟನ್ ಬಗೆಬಗೆಯ ಸುಣ್ಣಕಲ್ಲುಗಳನ್ನು ಆಮ್ಲದಲ್ಲಿ ಕರಗಿಸಿ ನೋಡಿ, ಜೇಡಿಯ ಅಂಶವಿರುವ ಕಲ್ಲಿನ ಸುಣ್ಣವೇ ನೀರಿನಲ್ಲೂ ಗಟ್ಟಿಯಾಗುತ್ತದೆಂದು ಕಂಡುಕೊಂಡ. ಅದಕ್ಕೆ ಇಟಲಿಯ ಜ್ವಾಲಾಮುಖಿ ಬೂದಿ ಬೆರೆಸಿದ. ನಮ್ಮ ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಗೂ ಸುಟ್ಟ ಜೇಡಿಮಣ್ಣಿನ ಪುಡಿಯಿಂದ ಬಂದದ್ದು ಇದೇ ಗುಣ. ಪೋರ್ಟ್‌ಲ್ಯಾಂಡ್ ಸಿಮೆಂಟಿನ ಚರಿತ್ರೆ ಬರೆಯುವವರು ಸ್ಮೀಟನ್ನನ ಈ ಪರೀಕ್ಷೆಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಅಷ್ಟು ಗಟ್ಟಿಯಾಗಿದ್ದರೆ ತೆಗೆದದ್ದೇಕೆ? 1870ರ ದಶಕದ ಹೊತ್ತಿಗೆ ಗೋಪುರದಡಿಯ ಬಂಡೆಯನ್ನೇ ಅಲೆಗಳು ಕೊರೆದಿದ್ದವು. ದೊಡ್ಡ ಅಲೆ ಬಡಿದಾಗ ಗೋಪುರ ಅದುರುತ್ತಿತ್ತು. ಅಲೆಯ ಪೆಟ್ಟನ್ನು ಬಂಡೆಗೆ ದಾಟಿಸಿದ್ದು ಗೋಪುರವೇ ಅಲ್ಲವೇ ಎಂದು ಕೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಬುಡದ ವಕ್ರರೇಖೆಯ ಮೇಲೆ ಅಲೆ ಏರಿ ದೀಪದ ಕೋಣೆಯವರೆಗೂ ಚಿಮ್ಮುತ್ತಿತ್ತು. ಪಕ್ಕದ ಬಂಡೆಯ ಮೇಲೆ ಜೇಮ್ಸ್ ಡಗ್ಲಾಸ್ 1882ರಲ್ಲಿ ಮುಗಿಸಿದ ಗೋಪುರ ಇನ್ನೂ ಎತ್ತರ, ಅದರ ಬುಡ ನೇರವಾದ ಉರುಳೆ. ಆದರೆ ಡಗ್ಲಾಸ್ ತಿದ್ದಿಕೊಂಡದ್ದು ಸ್ಮೀಟನ್ನನ ಕೆಲಸ ಒಂದು ಶತಮಾನಕ್ಕೂ ಮಿಕ್ಕಿ ನಿಂತು ಕಲಿಸಿದ ಪಾಠವನ್ನೇ. ಕಲ್ಲುಗಳನ್ನು ಪರಸ್ಪರ ಕಚ್ಚಿಸುವ ಕ್ರಮವನ್ನು ಅವನೂ ಕೈಬಿಡಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಜನರ ವಂತಿಗೆಯಿಂದ ಗೋಪುರದ ಮೇಲ್ಭಾಗವನ್ನು ಪ್ಲಿಮತ್‌ಗೆ ತಂದು ಹೊಸ ಬುಡದ ಮೇಲೆ ಕೂರಿಸಿ 1884ರಲ್ಲಿ ತೆರೆದರು. ಕಡಲಿಲ್ಲದ ದೀಪಸ್ತಂಭ ಬರೀ ಪ್ರದರ್ಶನದ ವಸ್ತು ಎನ್ನುವವರಿದ್ದಾರೆ. ಅಲ್ಲೇ ಬಿಟ್ಟಿದ್ದರೆ ಕೊರೆದ ಬಂಡೆಯ ಮೇಲೆ ಅದುರುತ್ತಲೇ ಇರುತ್ತಿತ್ತು, ಪೂರ್ತಿ ಕೆಡವಿದ್ದರೆ ಕಚ್ಚಿನ ಕೆಲಸದ ಗುರುತೇ ಉಳಿಯುತ್ತಿರಲಿಲ್ಲ. ಮೂಲ ಬುಡವನ್ನು ಬಂಡೆಯ ಮೇಲೆಯೇ ಬಿಟ್ಟರು, ಅದು ಈಗಲೂ ಅಲ್ಲಿದೆ. ಪ್ಲಿಮತ್‌ಗೆ ಹೋದವರು ಮೇಲಿನ ಭಾಗವನ್ನು ಖಂಡಿತ ಹತ್ತಿ ನೋಡಲಿ. ಸ್ಮೀಟನ್ನನಿಗೆ ಬೆಲೆ ಕಟ್ಟುವಾಗ ಮಾತ್ರ ಆ ಬುಡವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಲಿ.