ನ್ಯಾನೊ ಪಾಠದಲ್ಲಿ ಬಿಟ್ಟುಹೋದ ಲೆಕ್ಕ

ಎಂಜಿನಿಯರಿಂಗ್, ಬಿಎಸ್ಸಿ ತರಗತಿಗಳ ನ್ಯಾನೊ ವಸ್ತುಗಳ ಪಾಠಕ್ಕೆ ಒಂದು ಸಿದ್ಧ ದಾರಿಯಿದೆ. 1959ರ ರಿಚರ್ಡ್ ಫೈನ್‌ಮನ್ ಭಾಷಣ, 1985ರ ಫುಲ್ಲರೀನ್, 2004ರ ಗ್ರಾಫೀನ್, ನಡುವೆ ತಲೆಗೂದಲಿನ ದಪ್ಪದ ಜೊತೆ ಒಂದು ಹೋಲಿಕೆ, ಕೊನೆಗೆ ಉಪಯೋಗಗಳ ಪಟ್ಟಿ. ಇಷ್ಟು ಓದಿಕೊಂಡರೆ ಪರೀಕ್ಷೆ ದಾಟಬಹುದು. ಆದರೆ ಇದನ್ನೇ ನಂಬಿ ಕಾರ್ಖಾನೆಯೊಳಗೆ ಕಾಲಿಟ್ಟವರಿಗೆ ಅಲ್ಲಿ ನಡೆಯುತ್ತಿರುವುದು ಬೇರೆಯೇ ವಿಷಯ ಅನ್ನಿಸುತ್ತದೆ.

ಪಾಠದಲ್ಲಿ ಚೆನ್ನಾಗಿರುವ ಭಾಗವೂ ಉಂಟು: ಚಿನ್ನದ ಪ್ರಯೋಗ. ಕುದಿಯುತ್ತಿರುವ ಕ್ಲೋರೋಆರಿಕ್ ಆಮ್ಲದ ನಸುಹಳದಿ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಸುರಿದರೆ ಹಳದಿ ಮಾಯವಾಗುತ್ತದೆ, ದ್ರವ ಒಮ್ಮೆ ಕಪ್ಪಿಡುತ್ತದೆ, ಆಮೇಲೆ ಗಾಢ ಕೆಂಪಿಗೆ ತಿರುಗುತ್ತದೆ. 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ವಿವರಿಸಿದ ವಿಧಾನವಿದು. ಕೆಂಪು ಬಂದಲ್ಲಿಗೆ ಪ್ರಯೋಗ ಮುಗಿಸಿಬಿಡುವುದೇ ತಪ್ಪು. ಅದೇ ಬೀಕರಿಗೆ ಉಪ್ಪುನೀರು ಹಾಕಿ ನೋಡಬೇಕು. ಕೆಂಪು ಬಣ್ಣ ಕೊಟ್ಟ ಚಿನ್ನದ ನ್ಯಾನೊ ಕಣಗಳು ಒಂದಕ್ಕೊಂದು ಅಂಟಿ ಕೆಂಪೆಲ್ಲ ನೀಲಿಯಾಗುತ್ತದೆ. ಗರ್ಭಧಾರಣೆ ಪರೀಕ್ಷೆಯ ಕಿಟ್‌ನಲ್ಲಿ ಮೂಡುವ ಕೆಂಪು ಗೆರೆ ಬಹುಮಟ್ಟಿಗೆ ಇಂಥ ಚಿನ್ನದ ಕಣಗಳದ್ದೇ. ಆ ಕಿಟ್ ತಯಾರಿಸುವವರಿಗೆ ಕಣ ಹುಟ್ಟಿಸುವುದು ದೊಡ್ಡ ಕೆಲಸವಲ್ಲ. ಅವಧಿ ಮುಗಿಯುವವರೆಗೆ ಅವು ಗಂಟುಕಟ್ಟದಂತೆ ಕಾಯುವುದು ಕಷ್ಟ.

ಉಪಯೋಗಗಳ ಪಟ್ಟಿಯಲ್ಲಿ ಹೆಚ್ಚಾಗಿ ಕಾಣದ ಹೆಸರೆಂದರೆ ಕಾರ್ಬನ್ ಬ್ಲ್ಯಾಕ್. ಟೈರಿಗೆ ಕಪ್ಪು ಬಣ್ಣ ಕೊಡುವ ಈ ಮಸಿಯ ಮೂಲಕಣಗಳು ಹತ್ತಾರು ನ್ಯಾನೊಮೀಟರ್ ಅಳತೆಯವು. ರಬ್ಬರಿಗೆ ಗಟ್ಟಿತನ, ಸವೆತ ತಡೆಯುವ ಶಕ್ತಿ ಬರುವುದು ಇದರಿಂದಲೇ. ನ್ಯಾನೊ ಎಂಬ ಹಣೆಪಟ್ಟಿ ಹುಟ್ಟುವ ಎಷ್ಟೋ ಮೊದಲಿನಿಂದ ಟನ್‌ಗಟ್ಟಲೆ ಬಳಕೆಯಲ್ಲಿರುವ ವಸ್ತು. ಗ್ರಾಫೀನ್‌ಗೆ ಹತ್ತು ಪುಟ ಕೊಟ್ಟು ಇದಕ್ಕೆ ಒಂದು ಸಾಲೂ ಕೊಡದ ಪುಸ್ತಕ ಉದ್ಯಮದ ಪಾಠ ಹೇಳುತ್ತಿಲ್ಲ, ನೊಬೆಲ್ ಇತಿಹಾಸ ಹೇಳುತ್ತಿದೆ.

ಇದಕ್ಕಿಂತ ದೊಡ್ಡ ಕೊರತೆ ಲೆಕ್ಕದ್ದು. ಒಂದು ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಒಂದು ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ. ಈ ಲೆಕ್ಕ ಪುಸ್ತಕಗಳಲ್ಲಿದೆ. ಆದರೆ ಮೇಲ್ಮೈ ಎಷ್ಟೇ ಹಿಗ್ಗಿದರೂ ಒಳಗಿನ ಪದಾರ್ಥ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. 2021ರಲ್ಲಿ ರಸಗೊಬ್ಬರ ಸಹಕಾರ ಸಂಸ್ಥೆ ಇಫ್ಕೊ ತಂದ ನ್ಯಾನೊ ಯೂರಿಯಾವನ್ನೇ ನೋಡಿ. 500 ಮಿಲಿಲೀಟರ್ ಬಾಟಲಿ ಸಾಮಾನ್ಯ ಯೂರಿಯಾದ 45 ಕಿಲೋ ಚೀಲಕ್ಕೆ ಸಮ ಎಂದು ಪ್ರಚಾರ ನಡೆಯಿತು. ಶೇ 4ರಂತೆ ಬಾಟಲಿಯಲ್ಲಿದ್ದ ಸಾರಜನಕ ಸುಮಾರು 20 ಗ್ರಾಂ. ಶೇ 46ರಂತೆ ಚೀಲದಲ್ಲಿರುವುದು 20 ಕಿಲೋಗೂ ಹೆಚ್ಚು. ಎಲೆಗೆ ಸಿಂಪಡಿಸಿದ್ದು ಮಣ್ಣಿಗೆ ಹಾಕಿದ್ದಕ್ಕಿಂತ ಕಡಿಮೆ ಪೋಲಾಗುತ್ತದೆ ಎಂದು ಒಪ್ಪಿದರೂ ಸಾವಿರ ಪಟ್ಟಿನ ಅಂತರ ತುಂಬುವುದಿಲ್ಲ. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಈ ಹೇಳಿಕೆಗಳನ್ನು ಪ್ರಶ್ನಿಸಿ ಬರೆದರು. ನ್ಯಾನೊ ಓದಿದ ನಮ್ಮ ವಿದ್ಯಾರ್ಥಿಗಳು ಇದನ್ನು ಮೊದಲ ದಿನವೇ ಕೇಳಬಹುದಿತ್ತು. ಗುಣಾಕಾರ, ಭಾಗಾಕಾರ ಬಿಟ್ಟು ಬೇರೇನೂ ಬೇಕಿರಲಿಲ್ಲ.

ಬಳಸಿದ ಮೇಲೆ ಕಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಅಧ್ಯಾಯದ ಕೊನೆಯ ಪ್ಯಾರಾಕ್ಕೆ ಸೀಮಿತ. ದುರ್ವಾಸನೆ ತಡೆಯುವ ಕಾಲುಚೀಲಗಳ ಬೆಳ್ಳಿ ಒಗೆದ ನೀರಿನೊಂದಿಗೆ ಹರಿದುಹೋಗುವುದನ್ನು 2008ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು. ನ್ಯಾನೊ ಕಣಗಳೂ ಬೆರೆತಿರುವ ಟೈಟಾನಿಯಂ ಡೈಆಕ್ಸೈಡ್ ಬಣ್ಣವನ್ನು ಆಹಾರದಲ್ಲಿ ಬಳಸುವುದಕ್ಕೆ ಯುರೋಪಿಯನ್ ಒಕ್ಕೂಟ 2022ರಲ್ಲಿ ನಿಷೇಧ ಹೇರಿತು.

ಉಪಕರಣಗಳ ಕೊರತೆಯ ನೆಪ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎಲ್ಲ ಕಾಲೇಜಿಗೂ ಎಟಕುವುದಿಲ್ಲ, ನಿಜ. ಉಪ್ಪು, ತಕ್ಕಡಿ, ಲೇಬಲ್ ಓದುವ ಅಭ್ಯಾಸ ಎಲ್ಲರಿಗೂ ಎಟಕುತ್ತವೆ. ಪ್ರಶ್ನೆಪತ್ರಿಕೆಯಲ್ಲಿ ‘ಐದು ಉಪಯೋಗಗಳನ್ನು ಬರೆಯಿರಿ’ ಎಂಬುದನ್ನು ತೆಗೆದು, ಅಂಗಡಿಯಲ್ಲಿ ಸಿಗುವ ಒಂದು ಉತ್ಪನ್ನದ ಲೇಬಲ್ ಕೊಟ್ಟು ‘ಈ ಲೆಕ್ಕ ತಾಳೆಯಾಗುತ್ತದೆಯೇ?’ ಎಂದು ಕೇಳಿದರೆ ಪಾಠದ ಅರ್ಧ ದೋಷ ಅಲ್ಲೇ ಸರಿಹೋಗುತ್ತದೆ.